ಪಾಂಡನ್

ಎಲೆಯ ಪರಿಮಳಕ್ಕಾಗಿಯೇ ಬೆಳೆಸುವ, ಪಾಂಡನೇಸಿಯೇ ಕುಟುಂಬದ ಗಿಡ. ಸಸ್ಯಶಾಸ್ತ್ರದ ಹೆಸರು ಪಾಂಡನಸ್ ಅಮರಿಲಿಫೋಲಿಯಸ್. ನಮ್ಮ ಕೇದಗೆಗೆ ಇದು ಹತ್ತಿರದ ನಂಟು. ಆದರೆ ಕೇದಗೆಯ ಕಂಪು ಗಂಡು ಹೂವಿನದು, ಅದರ ಎಲೆಯಂಚಿನ ತುಂಬ ಮುಳ್ಳು. ಪಾಂಡನ್‌ನಲ್ಲಿ ಕಂಪೆಲ್ಲ ಎಲೆಯಲ್ಲೇ, ಮುಳ್ಳು ಹೆಚ್ಚೆಂದರೆ ತುದಿಯ ಬಳಿ ಅಷ್ಟಿಷ್ಟು. ಕರಾವಳಿಯವರು ಮೂಡೆ ಕಟ್ಟುವ ಎಲೆಯೂ ಕೇದಗೆ ಜಾತಿಯದೇ ಹೊರತು ಇದಲ್ಲ. ಮಲೇಷ್ಯಾ, ಇಂಡೊನೇಷ್ಯಾ, ಥಾಯ್ಲೆಂಡ್, ಶ್ರೀಲಂಕಾಗಳ ಅಡುಗೆಯಲ್ಲಿ ಪಾಂಡನ್ ದಿನಬಳಕೆಯ ವಸ್ತು. ಸಿಂಹಳದಲ್ಲಿ ಇದನ್ನು ರಂಪೆ ಎನ್ನುತ್ತಾರೆ. ಬಾಟಲಿಯ ಎಸೆನ್ಸ್ ಈಗ ಸುಲಭವಾಗಿ ಸಿಗುತ್ತದಾದರೂ ಪಾಂಡನ್‌ಗೆ ತಕ್ಕ ಜಾಗ ಅಡುಗೆಮನೆಯ ಹಿತ್ತಲೇ. ಎಲೆಯ ರಸಾಯನವೂ ಗಿಡದ ಸಂತಾನಕ್ರಮವೂ ಎರಡೂ ಅದನ್ನೇ ಹೇಳುತ್ತವೆ.

ಕಂಪಿನ ಮುಖ್ಯ ಕಾರಣ 2-ಅಸಿಟೈಲ್-1-ಪೈರೊಲೀನ್ ಎಂಬ ಸಂಯುಕ್ತ. ಬಾಸುಮತಿ ಮತ್ತು ಜಾಸ್ಮಿನ್ ಅಕ್ಕಿಗಳ ಘಮಕ್ಕೂ ಇದೇ ಮೂಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ರಾನ್ ಬಟರಿ ಮತ್ತು ಸಂಗಡಿಗರು ಸುವಾಸನೆಯ ಅಕ್ಕಿಯಲ್ಲೂ ಪಾಂಡನ್ ಎಲೆಯಲ್ಲೂ ಇದನ್ನು ಗುರುತಿಸಿದರು. ಎಲೆಯಲ್ಲಿದ್ದ ಪ್ರಮಾಣ ಸುವಾಸನೆಯ ಅಕ್ಕಿಯದರ ಸುಮಾರು 10 ಪಟ್ಟು. ತೀರಾ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಿಳಿಯುವ ಈ ವಸ್ತು ಅಷ್ಟೇ ಬೇಗ ಆವಿಯಾಗಿ ಹೋಗುತ್ತದೆ. ಹಾಗಾಗಿ ಒಣಗಿಸಿ ಡಬ್ಬಿಯಲ್ಲಿಟ್ಟ ಎಲೆ ಬಹುಮಟ್ಟಿಗೆ ಸಪ್ಪೆ. ಗಿಡದಲ್ಲಿರುವ ಎಲೆಗೂ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಕೊಯ್ದು ಬಾಡಿಸಿದಾಗ, ಜಜ್ಜಿದಾಗ, ಬಿಸಿ ತಾಗಿದಾಗ ಘಮ ಏಳುತ್ತದೆ. ಕೊಯ್ಲಿಗೂ ಒಲೆಗೂ ನಡುವಿನ ಅಂತರ ಕಡಿಮೆಯಾದಷ್ಟೂ ಒಳ್ಳೆಯದು ಎಂಬುದಕ್ಕೆ ಇಷ್ಟು ಸಾಕು.

ಈ ಗಿಡ ಮನುಷ್ಯನ ಕೈಯಿಂದಲೇ ಬದುಕಿರುವಂಥದು. ಹೂ ಬಿಡುವುದು ತೀರಾ ಅಪರೂಪ, ಬಿಟ್ಟರೂ ಗಂಡು ಹೂವೇ. ಬೀಜದಿಂದ ಬೆಳೆಸುವ ಮಾತೇ ಇಲ್ಲ. ಬುಡದಲ್ಲಿ ಒಡೆಯುವ ಮರಿಯನ್ನು ಬೇರಿನ ಸಮೇತ ಬಿಡಿಸಿ ನೆಟ್ಟರೆ ಹತ್ತಿಕೊಳ್ಳುತ್ತದೆ. ಅರೆನೆರಳು, ಗೊಬ್ಬರ ಬೆರೆತ ಸಡಿಲ ಮಣ್ಣು, ತೇವ ಆರದಷ್ಟು ನೀರು ಇದ್ದರಾಯಿತು. ಕುಂಡದಲ್ಲಿ ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ. ಕೊಯ್ಯುವಾಗ ಕೆಳಗಿನ ಬಲಿತ ಎಲೆಗಳನ್ನು ತೆಗೆದು ನಡುವಿನ ಸುಳಿಯನ್ನು ಮುಟ್ಟದೆ ಬಿಡಬೇಕು. ಚಳಿ ತಡೆಯದ ಗಿಡವನ್ನು ಎಲ್ಲರೂ ಸಾಕಲಾದೀತೇ ಎಂಬ ಆಕ್ಷೇಪ ಹಿಮ ಬೀಳುವ ನಾಡುಗಳ ಮಟ್ಟಿಗೆ ನಿಜ. ಅಲ್ಲಿ ಕುಂಡವನ್ನು ಒಳಗಿಟ್ಟುಕೊಳ್ಳಬೇಕು, ಇಲ್ಲವೇ ಫ್ರೀಜರಿನ ಎಲೆಗೆ ಒಗ್ಗಿಕೊಳ್ಳಬೇಕು. ನಮ್ಮ ಕರಾವಳಿ, ಮಲೆನಾಡಿನ ಸೆಕೆಗೂ ತೇವಕ್ಕೂ ಅದು ಸಲೀಸಾಗಿ ಹೊಂದಿಕೊಳ್ಳುತ್ತದೆ.

ಬಾಸುಮತಿಯಲ್ಲೇ ಆ ಕಂಪಿರುವಾಗ ಎಲೆಯೇಕೆ ಎಂದು ಕೇಳಬಹುದು. ಬಾಸುಮತಿಗೆ ಪಾಂಡನ್ ಹಾಕುವುದು ನಿಜಕ್ಕೂ ದುಂದು. ಅದರ ಕೆಲಸವಿರುವುದು ಸಾದಾ ಅಕ್ಕಿಯಲ್ಲಿ: ಮಲೇಷ್ಯಾದ ನಾಸಿ ಲೆಮಾಕ್‌ನಲ್ಲಿ ತೆಂಗಿನ ಹಾಲಿನೊಡನೆ ಬೇಯುವ ಅನ್ನಕ್ಕೆ ಗಂಟು ಕಟ್ಟಿದ ಎಲೆಯನ್ನು ಇಳಿಬಿಟ್ಟು ಬಡಿಸುವ ಮುನ್ನ ತೆಗೆಯುತ್ತಾರೆ. ಎಲೆಯ ನಾರು ತಿನ್ನಲು ಬಾರದು, ಗಂಟು ಹಾಕುವುದು ಎತ್ತಿ ಬಿಸಾಡಲು ಅನುಕೂಲವಾಗಲೆಂದು. ಶ್ರೀಲಂಕಾದವರು ಕರಿಬೇವಿನೊಂದಿಗೆ ತುಂಡು ಮಾಡಿ ಒಗ್ಗರಣೆಗೆ ಹಾಕುತ್ತಾರೆ. ಥಾಯ್ ಅಡುಗೆಯಲ್ಲಿ ಮಸಾಲೆ ಹಚ್ಚಿದ ಕೋಳಿಯನ್ನು ಎಲೆಯಲ್ಲಿ ಸುತ್ತಿ ಕರಿಯುವುದುಂಟು.

ಸಿಹಿತಿಂಡಿಗೆ ಬಣ್ಣವೂ ಬೇಕಲ್ಲವೇ, ಅದಕ್ಕೆ ಎಸೆನ್ಸೇ ಸರಿ ಎಂಬ ವಾದ ಮಾತ್ರ ಅಷ್ಟು ಸುಲಭಕ್ಕೆ ಬಿದ್ದುಹೋಗುವುದಿಲ್ಲ. ಬಾಟಲಿಯ ಕಡುಹಸಿರು ಸಾಮಾನ್ಯವಾಗಿ ಬೆರೆಸಿದ ಬಣ್ಣ. ಎಲೆಯದು ಪತ್ರಹರಿತ್ತಿನ ತಿಳಿಹಸಿರು, ಹುಳಿ ಸೇರಿ ಕಾದರೆ ಕಂದುಹಸಿರಿಗೆ ತಿರುಗುತ್ತದೆ. ಥಾಯ್ಲೆಂಡಿನ ಲೋಡ್ ಚೋಂಗ್ ಶಾವಿಗೆಯ ಹಿಟ್ಟಿಗೆ ಸುಣ್ಣದ ತಿಳಿನೀರು ಬೆರೆಸುತ್ತಾರೆ; ಅದರ ಕ್ಷಾರ ಹಿಟ್ಟಿಗೆ ಬಿಗುವು ಕೊಡುವುದರ ಜೊತೆಗೆ ಹಸಿರನ್ನೂ ಕಾಯುತ್ತದೆ. ಗಾಢ ಬಣ್ಣವೇ ಬೇಕೆಂದರೆ ಎಲೆಯನ್ನು ನೀರಿನೊಂದಿಗೆ ರುಬ್ಬಿ, ಸೋಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಮೇಲಿನ ತಿಳಿ ಚೆಲ್ಲಿ ತಳದ ಗಷ್ಟನ್ನು ಬಳಸಬೇಕು. ಹಾಗೆ ಮಾಡಿದ ಕೇಕೂ ಅಂಗಡಿಯ ಕೇಕಿನಷ್ಟು ಕಣ್ಣು ಕುಕ್ಕುವುದಿಲ್ಲ, ಅದೇನೂ ನಷ್ಟವಲ್ಲ.