ಮೂರು ಅಕ್ಷರದ ಮರ್ಯಾದೆ

ಹಳೇ ಮೈಸೂರು ಸೀಮೆಯ ಹಳೆಯ ಲಗ್ನಪತ್ರಿಕೆಗಳನ್ನು ತೆಗೆದು ನೋಡಿದರೆ ವರನ ಹೆಸರಿನ ಮುಂದೆ ಎಲ್.ಸಿ.ಇ., ಎಲ್.ಎಂ.ಇ., ಎಲ್.ಇ.ಇ. ಎಂಬ ಅಕ್ಷರಗಳು ಸಿಗುತ್ತವೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನ ಲೈಸೆನ್ಷಿಯೇಟ್. ಇಂದಿನ ಡಿಪ್ಲೊಮಾದ ಹಿಂದಿನ ಹೆಸರು. ಬಿ.ಇ. ಮಾಡಿದವರು ತಾಲ್ಲೂಕಿಗೊಬ್ಬರು ಸಿಗುವುದೂ ಕಷ್ಟವಿದ್ದ ಕಾಲದಲ್ಲಿ ಕೆರೆಯ ಏರಿ, ತೂಬು, ರಸ್ತೆ ಮೋರಿಗಳ ಮುಂದೆ ನಿಂತು ಕೆಲಸ ಮಾಡಿಸಿದವರಲ್ಲಿ ಈ ಅಕ್ಷರದವರು ಬಹಳ ಮಂದಿ. ಆ ಮೂರು ಅಕ್ಷರಕ್ಕೆ ಬೆಲೆ ಬಂದದ್ದು ಹೇಗೆ ಎಂಬುದೇ ನಮ್ಮ ಪಾಲಿಟೆಕ್ನಿಕ್‌ಗಳ ನಿಜವಾದ ಚರಿತ್ರೆ.

1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಅದರ ಹಿಂದಿನ ಪ್ರೇರಣೆ ಸರ್ ಎಂ. ವಿಶ್ವೇಶ್ವರಯ್ಯನವರದು. ಈಗ ನಾವು ಎಸ್.ಜೆ.ಪಿ. ಎಂದು ಕರೆಯುವ ಸಂಸ್ಥೆ ಇದೇ. ಸಿವಿಲ್, ಮೆಕ್ಯಾನಿಕಲ್‌ಗಳ ಜೊತೆಗೆ ಛಾಯಾಗ್ರಹಣವೂ ಅಲ್ಲಿ ಕಲಿಯುವ ವಿದ್ಯೆಯಾಯಿತು. ಮೈಸೂರಿನ ವಿ.ಕೆ. ಮೂರ್ತಿ 1946ರಲ್ಲಿ ಅಲ್ಲಿಂದ ಸಿನಿಮಾಟೋಗ್ರಫಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋಗಿ ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿ 1962ರಲ್ಲಿ ಓದು ಮುಗಿಸಿದ್ದೂ ಅದೇ ಸಂಸ್ಥೆಯಲ್ಲಿ. ಲೇತ್ ಹಿಡಿದವನಿಗೂ ಕ್ಯಾಮೆರಾ ಹಿಡಿದವನಿಗೂ ಒಂದೇ ಸೂರಿನಡಿ ಕಲಿಸಿ, ಇಬ್ಬರ ಕೈಕಸುಬನ್ನೂ ಒಂದೇ ತೂಕದ ವಿದ್ಯೆ ಎಂದು ಬಗೆದದ್ದು ಆ ಕಾಲಕ್ಕೆ ಸಣ್ಣ ಧೈರ್ಯವೇನಲ್ಲ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ 1945ರಲ್ಲಿ ಹುಟ್ಟಿತು. ಮುಂದೆ ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಓದು ಎಂಬ ಅಳತೆ ದೇಶದಲ್ಲೆಲ್ಲ ನೆಲೆಯೂರಿತು. ಲೈಸೆನ್ಷಿಯೇಟ್ ಹೋಗಿ ಡಿಪ್ಲೊಮಾ ಬಂತು, ಎಲ್.ಸಿ.ಇ. ಡಿ.ಸಿ.ಇ. ಆಯಿತು. ಮಂಡಳಿಗೆ ಶಾಸನದ ಬಲ ಬಂದದ್ದು 1987ರ ಕಾಯ್ದೆಯಿಂದ. ಇವೆಲ್ಲ ದಿಲ್ಲಿಯ ಸಂಗತಿಗಳು. ಡಿಪ್ಲೊಮಾದ ಮಟ್ಟ ಉಳಿದದ್ದು ಮಾತ್ರ ರಾಜ್ಯದ ಪರೀಕ್ಷಾ ಮಂಡಳಿಯ ಶಿಸ್ತಿನಿಂದ ಎಂಬುದು ನನ್ನ ದೃಢ ನಂಬಿಕೆ. ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ. ಪ್ರಾಕ್ಟಿಕಲ್ ದಿನ ಬೇರೆ ಕಾಲೇಜಿನಿಂದ ಎಕ್ಸ್‌ಟರ್ನಲ್ ಬಂದು ಹುಡುಗ ಮಾಡಿದ ಜಾಬನ್ನು ಕೈಯಲ್ಲಿ ಹಿಡಿದು, ವರ್ನಿಯರ್ ಇಟ್ಟು ಅಳೆದು, ವೈವಾದಲ್ಲಿ ಪ್ರಶ್ನೆ ಕೇಳುತ್ತಿದ್ದರು. ಹೀಗಾಗಿ ತುಮಕೂರಿನಲ್ಲಿ ಪಾಸಾದವನ ಅಂಕಪಟ್ಟಿಗೂ ಬೆಂಗಳೂರಿನಲ್ಲಿ ಪಾಸಾದವನ ಅಂಕಪಟ್ಟಿಗೂ ಬೆಲೆ ಒಂದೇ. ಬಡವರ ಮನೆಯ ಹುಡುಗನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇರಲಿಲ್ಲ. ಅವನು ಓದಿದ ಊರು ಯಾವುದೆಂದು ಕೆಲಸ ಕೊಡುವವರು ಕೇಳಬೇಕಾಗಿಯೇ ಇರಲಿಲ್ಲ.

ಆದರೂ ಒಂದು ಕೊರತೆ ಇತ್ತು: ಡಿಪ್ಲೊಮಾದವನಿಗೆ ಡ್ರಾಯಿಂಗ್ ಓದಲು ಬರುತ್ತದೆ, ಮೆಷಿನ್ ಮೇಲೆ ಕೈ ಕೂತಿಲ್ಲ ಎಂದು ಕಾರ್ಖಾನೆಯವರು ಗೊಣಗುತ್ತಿದ್ದರು. 1970ರಲ್ಲಿ ಜಿ.ಆರ್. ದಾಮೋದರನ್ ಸಮಿತಿ ಪಾಲಿಟೆಕ್ನಿಕ್ ಶಿಕ್ಷಣವನ್ನು ಪರಿಶೀಲಿಸಲು ಕೂತಿತು. ಅದೇ ಹೊತ್ತಿಗೆ ನಮ್ಮಲ್ಲೇ ಇನ್ನೊಂದು ಉತ್ತರ ಸಿದ್ಧವಾಗುತ್ತಿತ್ತು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ತೆರೆಯಿತು. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಅದು ಮೂರರ ಜೊತೆ ಇನ್ನೊಂದು ವರ್ಷ ಕೂಡಿಸಿತು. ಆ ನಾಲ್ಕನೇ ವರ್ಷ ಪೂರ್ತಿ ಕಾರ್ಖಾನೆಯಲ್ಲಿ. ಕೇಂದ್ರದೊಳಗೇ ಹೊರಗಿನ ಕಂಪನಿಗಳಿಗೆ ಡೈ, ಮೋಲ್ಡ್ ತಯಾರಾಗುತ್ತಿದ್ದುದರಿಂದ ಕಲಿಯುವ ಹುಡುಗನ ಕಣ್ಣೆದುರಿಗೇ ಗಿರಾಕಿಯ ಕೆಲಸ ನಡೆಯುತ್ತಿತ್ತು. ಅಳತೆ ತಪ್ಪಿದ ಜಾಬಿಗೆ ಗ್ರೇಸ್ ಮಾರ್ಕ್ಸ್ ಇಲ್ಲವೆಂದು ಅವನಿಗೆ ಯಾರೂ ಪಾಠ ಹೇಳಬೇಕಾಗಲಿಲ್ಲ. ಇಂದು ತುಮಕೂರೂ ಸೇರಿ ರಾಜ್ಯದ ಅನೇಕ ಊರುಗಳಲ್ಲಿ ಜಿಟಿಟಿಸಿ ಕೇಂದ್ರಗಳಿವೆ.

ತುಮಕೂರಿಗೆ ಮೈಕ್ರಾನ್ ಲೆಕ್ಕ ಹೊಸದಲ್ಲ. ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿದವರ ಒಂದು ತಲೆಮಾರೇ ದುಡಿದು ಮನೆ ಕಟ್ಟಿ ಮಕ್ಕಳನ್ನು ಓದಿಸಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿತು. ಇಲ್ಲಿನ ಜಾಗ ಇಸ್ರೋ ಪಾಲಾಯಿತು. ಕಾರ್ಖಾನೆ ಹೋದರೂ ಆ ಕೈಗಳು ಕಲಿತದ್ದು ಊರಲ್ಲೇ ಉಳಿಯಿತು.

ಡಿಪ್ಲೊಮಾ ಮುಗಿಸಿದವನಿಗೆ ಮುಂದಿನ ಮೆಟ್ಟಿಲು ಬಹುಕಾಲ ಹೆಚ್ಚಾಗಿ ಎ.ಎಂ.ಐ.ಇ. ಪರೀಕ್ಷೆಯೇ. ಹಗಲು ಡ್ಯೂಟಿ, ರಾತ್ರಿ ಓದು. ಸೆಕ್ಷನ್ ಎ, ಸೆಕ್ಷನ್ ಬಿ ಪಾಸಾದರೆ ಬಿ.ಇ.ಗೆ ತತ್ಸಮಾನ. ಎಷ್ಟೋ ಜೂನಿಯರ್ ಇಂಜಿನಿಯರುಗಳು ಹೀಗೆಯೇ ಮೇಲೆ ಬಂದರು. 2013ರ ಮೇ 31ರ ನಂತರ ಹೆಸರು ನೋಂದಾಯಿಸಿದವರಿಗೆ ಆ ಮಾನ್ಯತೆ ನಿಂತಿತು. ಅಷ್ಟರಲ್ಲಿ ಡಿಪ್ಲೊಮಾ ಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರುವ ದಾರಿ ತೆರೆದಿತ್ತು. ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಫಿಟ್ಟರ್ ಟ್ರೇಡ್‌ನಿಂದ ಹೊರಟವನು ಬಿ.ಇ. ತನಕ ಹತ್ತಬಹುದಾದ ಈ ಏಣಿ ನಮ್ಮ ರಾಜ್ಯದ ತಾಂತ್ರಿಕ ಶಿಕ್ಷಣದ ಅತ್ಯುತ್ತಮ ಸಾಧನೆ ಎಂದು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಕಡಿಮೆ ಅವಧಿಯ ಓದಿಗೆ ಅದರದೇ ಹೆಸರಿಡುವುದು ಹೊಸದಲ್ಲ. ಅಮೆರಿಕದಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ವಿಲಿಯಂ ರೇನಿ ಹಾರ್ಪರ್ 1900ರ ಸುಮಾರಿಗೆ ಎರಡು ವರ್ಷದ ಓದಿಗೆ ಅಸೋಸಿಯೇಟ್ ಪದವಿ ಕೊಡುವ ಪದ್ಧತಿ ತಂದರು; ಅಲ್ಲಿನ ಕಮ್ಯುನಿಟಿ ಕಾಲೇಜುಗಳು ಅದನ್ನೇ ಬೆಳೆಸಿದವು. ನಮ್ಮಲ್ಲಿ ಯುಜಿಸಿ 2013ರಲ್ಲಿ ಕಮ್ಯುನಿಟಿ ಕಾಲೇಜು, ಮರುವರ್ಷ ಬಿ.ವೋಕ್. ಎಂಬ ವೃತ್ತಿಶಿಕ್ಷಣ ಪದವಿಯ ಯೋಜನೆ ತಂದಿತು. 2013ರ ಡಿಸೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು 10 ಹಂತಗಳದ್ದಾಗಿತ್ತು. 2023ರಲ್ಲಿ ಅದು 8 ಹಂತಕ್ಕಿಳಿಯಿತು. ಇಲ್ಲೇ ಗೊಂದಲ ಶುರು. ಬಿ.ವೋಕ್.ನಲ್ಲಿ ಒಂದು ವರ್ಷ ಓದಿದರೂ ಡಿಪ್ಲೊಮಾ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪದವಿ ತರಗತಿಯನ್ನು ಎರಡು ವರ್ಷಕ್ಕೆ ಬಿಟ್ಟವನಿಗೂ ಡಿಪ್ಲೊಮಾ. ನಮ್ಮ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ, ಜಿಟಿಟಿಸಿಯಲ್ಲಿ ನಾಲ್ಕು. ಕರ್ನಾಟಕ ಆ ನೀತಿಯನ್ನು 2021ರಲ್ಲಿ ಎಲ್ಲರಿಗಿಂತ ಮೊದಲು ತಂದು 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು; ಆದರೂ ದೇಶದ ಮಟ್ಟದಲ್ಲಿ ಗೊಂದಲ ಹಾಗೇ ಇದೆ. ನಾಲ್ಕು ಬಗೆಯ ದುಡಿಮೆಗೆ ಒಂದೇ ಹೆಸರಿಡುವುದು ಹೆಚ್ಚು ಕಾಲ ದುಡಿದವನಿಗೆ ಮಾಡುವ ಅನ್ಯಾಯ. ಓದು ನಡುವೆ ಬಿಡಬೇಕಾದವರಿಗೆ ಕೈಯಲ್ಲೊಂದು ಕಾಗದ ಸಿಗಬೇಕು, ನಿಜ. ಆ ಕಾಗದಕ್ಕೆ ಅದರದೇ ಹೆಸರಿರಲಿ.

ಈ ಮಾತು ಈಗ ಆಡಲು ಕಾರಣ ತುಮಕೂರಿನ ಬಳಿಯ ವಸಂತನರಸಾಪುರ. ಕೋರಾ ಹೋಬಳಿಯ ಈ ಕೈಗಾರಿಕಾ ಪ್ರದೇಶಕ್ಕೆ 2014ರ ಸೆಪ್ಟೆಂಬರಿನಲ್ಲಿ ಫುಡ್ ಪಾರ್ಕ್ ಬಂತು. 2023ರ ಫೆಬ್ರುವರಿ 6ರಂದು ಚೆನ್ನೈ–ಬೆಂಗಳೂರು ಕಾರಿಡಾರ್‌ನ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೆ ಶಂಕುಸ್ಥಾಪನೆಯಾಯಿತು. ಮೂರು ಹಂತ ಸೇರಿ 8,484 ಎಕರೆ. ಅದೇ ದಿನ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹೆಲಿಕಾಪ್ಟರ್ ಬಿಡಿಭಾಗಕ್ಕೂ ಆಹಾರ ಸಂಸ್ಕರಣೆಯ ಯಂತ್ರಕ್ಕೂ ಬೇಕಾದ ಕೈಗಳು ಒಂದೇ ಬಗೆಯವಲ್ಲ. ಭೂಮಿ ಕೊಟ್ಟ ಮನೆಗಳ ಮಕ್ಕಳು, ಗುಬ್ಬಿ, ಕುಣಿಗಲ್ ಕಡೆಯಿಂದ ಬರುವ ಹುಡುಗಿಯರು ಸೆಕ್ಯುರಿಟಿಯ ಪಕ್ಕದ ಕೋಣೆಯಲ್ಲಿ ಅರ್ಜಿ ಹಿಡಿದು ಕೂತಾಗ, ಎಚ್‌ಆರ್‌ನವರು ಅವರ ಅಂಕಪಟ್ಟಿ ನೋಡಿ ಎಷ್ಟು ವರ್ಷ, ಎಷ್ಟು ತಾಸು ಮೆಷಿನ್ ಮೇಲೆ, ಯಾರು ಪರೀಕ್ಷೆ ಮಾಡಿದರು ಎಂಬುದನ್ನು ಒಂದೇ ನೋಟಕ್ಕೆ ತಿಳಿಯುವಂತಿರಬೇಕು. ಅದಕ್ಕೆ ಹೊಸ ಚೌಕಟ್ಟೇನೂ ಬೇಕಿಲ್ಲ. ಅಂಕಪಟ್ಟಿಯ ಮೇಲೆ ವರ್ಷ ಮತ್ತು ಕಾರ್ಯಾಗಾರದ ತಾಸುಗಳನ್ನು ಅಚ್ಚು ಹಾಕಿಸಿ, ಪ್ರಾಕ್ಟಿಕಲ್‌ಗೆ ಬರುವ ಎಕ್ಸ್‌ಟರ್ನಲ್‌ಗಳಲ್ಲಿ ಒಬ್ಬರು ವಸಂತನರಸಾಪುರದ ಶಾಪ್‌ಫ್ಲೋರ್‌ನವರಾಗಿರಲಿ ಎಂದು ರಾಜ್ಯದ ಪರೀಕ್ಷಾ ಮಂಡಳಿ ಆದೇಶ ಮಾಡಿದರೆ ಸಾಕು.