ಹಾಜರಿ ಪಟ್ಟಿಯ ಹೂವುಗಳು

ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರಗಳ ಕಡೆಯಿಂದ ಬಿಡದಿ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಬರುವವರ ಹಾಜರಿ ಪಟ್ಟಿಯಲ್ಲಿ ಪುಷ್ಪ, ಕುಸುಮ, ಮಲ್ಲೇಶ, ಪದ್ಮನಾಭ, ಯಾಸ್ಮಿನ್, ಲಿಲ್ಲಿ ಮೇರಿ ಎಂಬ ಹೆಸರುಗಳು ಹಿಂದೆಮುಂದೆಯೇ ಸಿಕ್ಕರೆ ಯಾರಿಗೂ ಸೋಜಿಗವಾಗದು. ಎಲ್ಲದರಲ್ಲೂ ಹೂವಿದೆ. ಹಿತ್ತಲ ಗಿಡದಿಂದ ನೇರವಾಗಿ ಬಂದದ್ದು ಮಾತ್ರ ಒಂದೂ ಇಲ್ಲ. ಕೆಲವು ದೇವರ ಗುಡಿಯಿಂದ ಬಂದವು, ಕೆಲವು ನಿಘಂಟಿನಿಂದ, ಇನ್ನು ಕೆಲವು ಪಾರಸಿಯಿಂದ, ಇಗರ್ಜಿಯಿಂದ.

ಈ ತಾಲ್ಲೂಕುಗಳ ಹಳೆಯ ಹೆಸರು ಹುಡುಕುವವರಿಗೆ ಮೊದಲ ಆಸರೆ ಶಾಸನಗಳು. ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಬೆಂಗಳೂರು ಜಿಲ್ಲಾ ಸಂಪುಟದಲ್ಲಿ ಅವನ್ನು ಅಚ್ಚು ಹಾಕಿಸಿದರು. ಚನ್ನಪಟ್ಟಣ ತಾಲ್ಲೂಕಿನ ಚಕ್ಕೆರೆಯವರೇ ಆದ ದೇಜಗೌ ಮೈಸೂರು ಜಿಲ್ಲೆಯ ಊರ ಹೆಸರುಗಳ ಬೆನ್ನು ಹತ್ತಿದರು. ಎಂ. ಎಂ. ಕಲಬುರ್ಗಿ ನಾಮವಿಜ್ಞಾನಕ್ಕೆ ಕನ್ನಡದಲ್ಲಿ ಗಟ್ಟಿ ನೆಲೆ ಒದಗಿಸಿದರು. ಊರ ಹೆಸರಿಗೆ ಸಿಕ್ಕಷ್ಟು ಆದರ ಊರಿನವರ ಹೆಸರಿಗೆ ಸಿಗಲಿಲ್ಲ ಎಂಬುದು ನನ್ನ ತಕರಾರು.

ಅರಮನೆಗಳಲ್ಲಿ ತಾವರೆಯದೇ ಮೇಲುಗೈ. 12ನೆಯ ಶತಮಾನದ ಮೊದಲಲ್ಲಿ ಹೊಯ್ಸಳ ಒಂದನೆಯ ಬಲ್ಲಾಳ ಮದುವೆಯಾದ ಮೂವರು ಸೋದರಿಯರಲ್ಲಿ ಒಬ್ಬಳು ಪದ್ಮಲದೇವಿ. ಜೈನರಿಗೆ ಪದ್ಮಪ್ರಭ, ಪುಷ್ಪದಂತ ಎಂಬ ತೀರ್ಥಂಕರರಿದ್ದರು, ಹೊಂಬುಜದಲ್ಲಿ ಪದ್ಮಾವತಿ ಇದ್ದಳು. ಚನ್ನಪಟ್ಟಣದ ಬಗಲಲ್ಲೇ ಇರುವ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯ ಅಮ್ಮನವರು ಅರವಿಂದವಲ್ಲಿ. ಮಲ್ಲಿಗೆಯ ದಾರಿ ಶ್ರೀಶೈಲದ್ದು. ಚಂದ್ರಾವತಿ ಎಂಬ ಭಕ್ತೆ ಮಲ್ಲಿಗೆಯಿಂದ ಪೂಜಿಸಿದ್ದರಿಂದ ಅಲ್ಲಿನ ಶಿವ ಮಲ್ಲಿಕಾರ್ಜುನನಾದ ಎನ್ನುತ್ತದೆ ಸ್ಥಳಪುರಾಣ. ಮಲ್ಲಪ್ಪ, ಮಲ್ಲಮ್ಮ, ಮಲ್ಲೇಶರೆಲ್ಲ ಆ ದೇವರ ಒಕ್ಕಲು. ಮೂಲದಲ್ಲಿರುವುದು ಹೂವಲ್ಲ, ಬೆಟ್ಟವೆಂಬ ಅರ್ಥದ ಮಲೆ ಎಂದು ವಾದಿಸುವವರೂ ಇದ್ದಾರೆ. ಅಕ್ಕಮಹಾದೇವಿಯ ಅಂಕಿತವಾದ ಚೆನ್ನಮಲ್ಲಿಕಾರ್ಜುನನನ್ನು ಎ. ಕೆ. ರಾಮಾನುಜನ್ 1973ರಲ್ಲಿ ಇಂಗ್ಲಿಷಿಗೆ ತಂದಾಗ ಮಲ್ಲಿಗೆಯ ಬಿಳುಪನ್ನೇ ಹಿಡಿದರು. ವ್ಯುತ್ಪತ್ತಿಯ ಜಗಳ ಏನೇ ಇರಲಿ, ಭಕ್ತರ ಮನಸ್ಸಿನಲ್ಲಿ ಹೂವೇ ಗೆದ್ದಿದೆ.

ಅಚ್ಚಗನ್ನಡದ ಹೂವು ಉಳಿದದ್ದು ಅಕ್ಷರ ಕಲಿಯದವರ ಮನೆಗಳಲ್ಲಿ. ಹೂವಮ್ಮ, ಹೂವಯ್ಯ, ಸೇವಂತಮ್ಮ ಎಂದು ಕೂಗುವಾಗ ಯಾರಿಗೂ ಅರ್ಥ ಹೇಳಬೇಕಾಗಿರಲಿಲ್ಲ. ಕುವೆಂಪು 1936ರ ‘ಕಾನೂರು ಹೆಗ್ಗಡಿತಿ’ಯ ನಾಯಕನಿಗೆ ಹೂವಯ್ಯ ಎಂದೇ ಹೆಸರಿಟ್ಟರು. ಕನ್ನಡದಲ್ಲಿ ಪಕಾರ ಹಕಾರವಾದರೂ ಕೊಡಗಿನಲ್ಲಿ ಹಾಗಾಗಲಿಲ್ಲ. ಓಟಗಾರ್ತಿ ಎಂ. ಆರ್. ಪೂವಮ್ಮ ಅವರ ಹೆಸರಿನಲ್ಲಿ ಅದೇ ಹೂವು ಹಳೆಯ ರೂಪದಲ್ಲಿದೆ.

ಹೂವಮ್ಮನ ಮಗಳು ಪುಷ್ಪ ಆದದ್ದು ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಗುಡಿಗಿಂತ ಹೆಚ್ಚಾಗಿ ಮೇಷ್ಟರೇ ಹೆಸರು ಬದಲಿಸಿದರು ಎಂದು ನನ್ನ ಅನಿಸಿಕೆ. ಅವರ ಬೆನ್ನಿಗೆ ಅಮರಕೋಶವಿತ್ತು. ತಾವರೆಯೊಂದಕ್ಕೇ ಅಲ್ಲಿ 16 ಹೆಸರುಗಳಿವೆ: ಪದ್ಮ, ನಲಿನ, ಅರವಿಂದ, ಕಮಲ, ರಾಜೀವ, ಪುಷ್ಕರ ಹೀಗೆ. ಸಾಲದ್ದಕ್ಕೆ ನೀರಿನ ಯಾವ ಪದಕ್ಕೆ ‘ಜ’ ಸೇರಿಸಿದರೂ ಇನ್ನೊಂದು ತಾವರೆ. ಜಲಜಾ, ಅಂಬುಜಾ, ನೀರಜಾ, ವನಜಾ ಎಂದು ನಾಲ್ವರು ಹೆಣ್ಣುಮಕ್ಕಳಿದ್ದ ಮನೆಯಲ್ಲಿ ಅಪ್ಪ ಇಟ್ಟದ್ದು ಒಂದೇ ಹೆಸರು! ನಕ್ಷತ್ರ, ಮರ, ನದಿಗಳ ಹೆಸರಿನ ಕನ್ಯೆಯನ್ನು ವರಿಸಬೇಡಿ ಎನ್ನುವ ಮನುಸ್ಮೃತಿ ಹೂವಿನ ತಂಟೆಗೆ ಹೋಗಿಲ್ಲ. ಹೋಗಿದ್ದರೂ ನಮ್ಮವರು ಕೇಳುತ್ತಿರಲಿಲ್ಲ, ರೋಹಿಣಿ, ಗಂಗೆಯರನ್ನು ಬಿಟ್ಟವರೇನಲ್ಲ.

ಸ್ವಾತಂತ್ರ್ಯ ಚಳವಳಿ ಸರೋಜಿನಿ, ಕಮಲಾ ಎಂಬ ಹೆಸರುಗಳನ್ನು ದೇಶದ ಉದ್ದಗಲಕ್ಕೂ ಒಯ್ದಿತು. ಸರೋಜಿನಿ ನಾಯ್ಡು, ಕಮಲಾ ನೆಹರೂ, ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಕಾರ್ಖಾನೆ ಗೇಟುಗಳ ಮುಂದೆ ಕೇಳಿಬರುವ ಹೂವಿನ ಹೆಸರೂ ಒಂದಿದೆ. ಕನ್ನಡಿಗರಿಗೆ ಉದ್ಯೋಗ ಕೊಡಿ ಎಂಬ ಕೂಗು ಎದ್ದಾಗಲೆಲ್ಲ ಜನ ಎತ್ತಿ ತೋರುವುದು ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಕೊಟ್ಟ 58 ಶಿಫಾರಸುಗಳನ್ನು. ತಾವರೆಕೊಳ ಎಂಬ ಮೃದು ಹೆಸರು ಈಗ ‘ಮಹಿಷಿ ವರದಿ’ ಎಂಬ ಗಡುಸು ಮಾತಿನೊಳಗೆ ಅಡಗಿಬಿಟ್ಟಿದೆ.

ರಾಮನಗರ, ಚನ್ನಪಟ್ಟಣದ ಮುಸ್ಲಿಂ ಮೊಹಲ್ಲಾಗಳಲ್ಲಿ ಹೂವಿನ ಹೆಸರಿಗೆ ಪಾರಸಿಯೇ ತವರು. ಯಾಸ್ಮಿನ್ ಅಂದರೆ ಮಲ್ಲಿಗೆಯ ಜಾತಿ, ನಸ್ರೀನ್ ಕಾಡುಗುಲಾಬಿ, ನರ್ಗಿಸ್ ಪಾರಸಿ ಕವಿಗಳು ಕಣ್ಣಿಗೆ ಹೋಲಿಸಿದ ಹೂ. ಇವರ ನಡುವೆ ನಿಲೋಫರ್ ಮಾತ್ರ ತವರಿಗೆ ಮರಳಿದವಳು. ಸಂಸ್ಕೃತದ ನೀಲೋತ್ಪಲ ಪರ್ಷಿಯಾಕ್ಕೆ ಹೋಗಿ ನೀಲೂಫರ್ ಆಗಿ, ಉರ್ದುವಿನ ಜೊತೆ ಇಲ್ಲಿಗೆ ಬಂತು. ಅರಗಿನ ಗೊಂಬೆಯ ಕಸುಬನ್ನು ಟಿಪ್ಪು ಪರ್ಷಿಯಾದ ಕುಶಲಕರ್ಮಿಗಳಿಂದ ಕಲಿಸಿದನೆಂದು ನಂಬುವ ಚನ್ನಪಟ್ಟಣದಲ್ಲಿ ಆ ಹೆಸರು ಚೆನ್ನಾಗಿಯೇ ಒಗ್ಗುತ್ತದೆ. ಕನಕಪುರದ ಹಾರೋಬೆಲೆಯಂಥ ಕ್ರೈಸ್ತ ಊರುಗಳ ಕಡೆ ಹೊರಳಿದರೆ ಲಿಲ್ಲಿ, ರೋಸಮ್ಮ, ಸುಸಾನಾ. ಸುಸಾನಾಳ ಬೇರು ಹೀಬ್ರೂ ಭಾಷೆಯ ಲಿಲ್ಲಿ ಹೂವು. ಇಂಗ್ಲೆಂಡಿನಲ್ಲಿ ಡೈಸಿ, ವಯೊಲೆಟ್‌ಗಳ ಅಲೆ ಎದ್ದದ್ದು 19ನೆಯ ಶತಮಾನದ ಕೊನೆಗೆ.

ಟೊಯೊಟಾ ಕಿರ್ಲೋಸ್ಕರ್ 1999ರ ಕೊನೆಗೆ ಬಿಡದಿಯಲ್ಲಿ ವಾಹನ ತಯಾರಿಕೆ ಶುರು ಮಾಡಿದ ಮೇಲೆ ಜಪಾನಿನ ಹೆಸರುಗಳೂ ಈ ಊರಿಗೆ ಹೊಸದಲ್ಲ. ಅಲ್ಲಿ ಮೇಜಿ ಕಾಲದ ಹೆಂಗಸರಲ್ಲಿ ಉಮೆ, ಕಿಕು, ಹಾನಾ ತೀರ ಸಾಮಾನ್ಯವಾಗಿದ್ದವು. ಕಿಕು ಎಂದರೆ ಸೇವಂತಿ, ಚಕ್ರವರ್ತಿಯ ಲಾಂಛನದ ಹೂ. ಜಪಾನಿನ ಕಿಕುವೂ ನಮ್ಮ ಸೇವಂತಮ್ಮನೂ ಒಂದೇ ವಾರಗೆಯವರು, ಇಬ್ಬರೂ ಈಗ ಅಜ್ಜಿಯರ ಸಾಲಿಗೆ ಸೇರಿದ್ದಾರೆ. ಅಲ್ಲಿ ಈಗ ಚಲಾವಣೆಯಲ್ಲಿರುವ ಅವೋಯಿ ಎಂಬ ಹೂವಿನ ಹೆಸರನ್ನು ಹುಡುಗರಿಗೂ ಇಡುತ್ತಾರೆ, ಹುಡುಗಿಯರಿಗೂ ಇಡುತ್ತಾರೆ.

ನಮ್ಮಲ್ಲಿ ಗಂಡುಮಕ್ಕಳ ಪಾಲಿನ ಹೂವು ಬಾಡುತ್ತಿದೆ. ರಾಜೀವ, ಅರವಿಂದ, ಪುಂಡರೀಕರು ನಿವೃತ್ತಿಯ ಅಂಚಿನಲ್ಲಿದ್ದಾರೆ, ಹೊಸದಾಗಿ ಸೇರುವ ಟ್ರೈನಿಗಳಲ್ಲಿ ಹೂವಯ್ಯನಂತೂ ಸಿಗಲಾರ. ಹೆಣ್ಣುಮಕ್ಕಳಿಗೆ ಪಾರಿಜಾತ, ಮಂದಾರ, ಅಪರಾಜಿತಾ ಹುಡುಕುವವರಿದ್ದಾರೆ. ಅಮರಕೋಶದ ಕೆಲಸವನ್ನು ಈಗ ಮೊಬೈಲು ಮಾಡುತ್ತದೆ. ಬಿಡದಿ ಬಸ್ ನಿಲ್ದಾಣದ ಬಳಿ ಮೊಳದ ಲೆಕ್ಕದಲ್ಲಿ ಮಾರುವ ಕಾಕಡ, ಕನಕಾಂಬರಗಳನ್ನು ಮಗುವಿಗೆ ಹೆಸರಾಗಿ ಇಡಲು ಅಮರಕೋಶವೂ ಹೇಳಲಿಲ್ಲ, ಮೊಬೈಲೂ ಹೇಳುತ್ತಿಲ್ಲ.