ಖರಾಬು ಗುಡ್ಡದ ಬಸವನಹುಳುವಿಗೆ ಹೆಸರಿಡೋದು ಹೇಗೆ?

ದೇವದುರ್ಗದ ಯಾವುದೋ ಕಲ್ಲುಗುಡ್ಡದ ಬುಡದಲ್ಲಿ ನಿಮಗೊಂದು ವಿಚಿತ್ರ ಬಸವನಹುಳು ಸಿಕ್ಕಿತು ಅಂತಿಟ್ಟುಕೊಳ್ಳಿ. ಫೋಟೊ ತೆಗೆದು ಸ್ಟೇಟಸ್ ಹಾಕಿದ್ರೆ ಅದು ಹೊಸ ಪ್ರಭೇದ ಆಗೋದಿಲ್ಲ. ವಿಜ್ಞಾನದ ಲೆಕ್ಕದಲ್ಲಿ ಅದು ಹುಟ್ಟೋದು ಹೆಸರಿನ ಸಮೇತ ವಿವರಣೆ ಪ್ರಕಟವಾದ ದಿನ. ಕಾನೂನಿನ ಲೆಕ್ಕವೂ ಹೆಚ್ಚುಕಡಿಮೆ ಇದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿ ಇರಲಿ, ಗಣಿಗಾರಿಕೆಗೆ ಮುಂಚೆ ಬರೆಸುವ ಪರಿಸರ ಪರಿಣಾಮ ವರದಿ ಇರಲಿ, ಅಲ್ಲಿ ಜಾಗ ಸಿಗೋದು ಹೆಸರಿದ್ದವರಿಗೆ. ಪಹಣಿಯಲ್ಲಿ 'ಖರಾಬು' ಅಂತ ಬರೆದ ಗುಡ್ಡದಲ್ಲಿ ಹೆಸರೇ ಇಲ್ಲದ ಹುಳು ಇದ್ದರೆಷ್ಟು, ಹೋದರೆಷ್ಟು? ಅದಕ್ಕೇ ಹೆಸರಿಡುವ ಕೆಲಸವನ್ನ ನಾನು ರಾಜಕೀಯ ಅಂತಲೇ ನೋಡ್ತೀನಿ.

ಮಲೇಷ್ಯಾದ ಎರಡು ಸುಣ್ಣಕಲ್ಲಿನ ಗುಡ್ಡಗಳ ಕಥೆ ಕೇಳಿ. ಪ್ಲೆಕ್ಟೊಸ್ಟೋಮಾ ಸಿಯಾಫಿಲಮ್ ಅನ್ನೋ ಪುಟ್ಟ ಬಸವನಹುಳು ಇದ್ದಿದ್ದು ಬುಕಿಟ್ ಪಂಚಿಂಗ್ ಎಂಬ ಒಂದೇ ಗುಡ್ಡದಲ್ಲಿ. ಕ್ವಾರಿ ಆ ಗುಡ್ಡವನ್ನೇ ನುಂಗಿತು, ಹುಳು ಈಗ ಅಳಿದ ಪ್ರಭೇದಗಳ ಪಟ್ಟಿಯಲ್ಲಿದೆ. ಗುನುಂಗ್ ಕಂಥಾನ್ ಎಂಬ ಇನ್ನೊಂದು ಗುಡ್ಡದಲ್ಲಿ ಲಫಾರ್ಜ್ ಸಿಮೆಂಟ್ ಕಂಪನಿಯ ಕ್ವಾರಿ ಇತ್ತು. ಅಲ್ಲಿ ಮಾತ್ರ ಸಿಕ್ಕ ಬಸವನಹುಳುವೊಂದನ್ನ 2014ರಲ್ಲಿ ವಿವರಿಸಿದ ಇಬ್ಬರು ಸಂಶೋಧಕರು ಅದಕ್ಕಿಟ್ಟ ಹೆಸರು ಕರೋಪಾ ಲಫಾರ್ಜಿ. ಅಳಿದರೆ ಕಂಪನಿಯ ಹೆಸರಿನ ಹುಳುವೇ ಅಳಿಯುತ್ತೆ! ಇದಕ್ಕಿಂತ ಚುರುಕಾದ ಪ್ರತಿಭಟನೆಯನ್ನ ನಾನಂತೂ ನೋಡಿಲ್ಲ.

ನಮ್ಮ ಹತ್ತಿರದ ಉದಾಹರಣೆ ಬೆಳಗಾವಿ ಗಡಿಯಾಚೆಯ ಅಂಬೋಲಿ. ಅಲ್ಲಿ ಸಿಕ್ಕ, ಪುಟ್ಟ ಚಿಪ್ಪಿನೊಳಗೆ ಮೈ ಪೂರ್ತಿ ಹಿಡಿಸದ ಹುಳುವಿಗೆ 2021ರಲ್ಲಿ ವರಾದಿಯಾ ಅಂಬೋಲಿಯೆನ್ಸಿಸ್ ಅಂತ ಹೆಸರಾಯ್ತು. ವಿವರಿಸಿದವರು ಅಮೃತ್ ಭೋಸಲೆ, ತೇಜಸ್ ಠಾಕ್ರೆ ಮತ್ತು ವೇಲ್ಸ್‌ನ ಬೆನ್ ರೌಸನ್. ಹೆಸರಿನ ಮೊದಲರ್ಧ ಸರೀಸೃಪ ತಜ್ಞ ವರದ್ ಗಿರಿ ಅವರದು, ಉಳಿದರ್ಧ ಊರಿನದು. ಅದೇ ಅಂಬೋಲಿಯ ಬಳಿ ಹುಟ್ಟುವ ಹಿರಣ್ಯಕೇಶಿ ಘಟಪ್ರಭೆ ಸೇರಿ, ಆಮೇಲೆ ಕೃಷ್ಣೆಯಾಗಿ ದೇವದುರ್ಗದ ಅಂಚಿಗೆ ಬರುತ್ತೆ. ನೀರು ಬಂದಷ್ಟು ಸಲೀಸಾಗಿ ಸಂಶೋಧಕರು ಬರಲ್ಲ. ನಮ್ಮ ದೇಶದ ಬಸವನಹುಳು ಅಧ್ಯಯನ ಬಹುಪಾಲು ಮಳೆಕಾಡಿನದ್ದು, ಬಯಲುಸೀಮೆಗೆ ಬರೋರು ಬೇರೆ ಏನೋ ಹುಡುಕ್ತಾ ಬರ್ತಾರೆ. (1915ರಲ್ಲಿ ಮಸ್ಕಿಯ ಬಂಡೆ ಮೇಲೆ ಅಶೋಕನ ಶಾಸನ ಕಂಡ ಬೀಡನ್ ಕೂಡ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್.)

ಹಾಗಂತ ಒಣಭೂಮಿ ಬಸವನಹುಳುವಿಗೆ ಆಗಿಬರೋದಿಲ್ಲ ಅಂತೇನಿಲ್ಲ. ಚಿಪ್ಪಿಗೆ ಬೇಕಾದ ಸುಣ್ಣ ನಮ್ಮ ಎರೆಭೂಮಿಯಲ್ಲಿ ಹರಳುಹರಳಾಗಿ ಬಿದ್ದಿದೆ. ಬಿಸಿಲು ಏರಿದಾಗ ಹುಳು ಚಿಪ್ಪಿನ ಬಾಯಿಗೆ ಲೋಳೆಯ ಪೊರೆ ಕಟ್ಟಿ, ಕಲ್ಲುಸಂದಿಯಲ್ಲೋ ಮರದ ಕಾಂಡದಲ್ಲೋ ಅಂಟಿಕೊಂಡು ಮಳೆ ಬರೋ ತನಕ ನಿದ್ದೆ ಹೊಡೆಯುತ್ತೆ. ಎಷ್ಟು ದಿನ? 1846ರಲ್ಲಿ ಬ್ರಿಟಿಷ್ ಮ್ಯೂಸಿಯಂನವರು ಈಜಿಪ್ಟಿನ ಮರಳುಗಾಡಿನ ಬಸವನಹುಳುವೊಂದನ್ನ ಸತ್ತಿದೆ ಅಂದುಕೊಂಡು ಕಾರ್ಡಿಗೆ ಅಂಟಿಸಿಟ್ಟರು. ನಾಲ್ಕು ವರ್ಷ ಬಿಟ್ಟು, 1850ರಲ್ಲಿ ನೋಡಿದ್ರೆ ಅದಿನ್ನೂ ಬದುಕಿತ್ತು.

ಸರಿ, ನಿಮ್ಮ ಕೈಲಿರೋದು ಹೊಸದಾ? ಅಂಗೈಯಗಲ ಇದ್ದರೆ ಬಹುಶಃ ಅಲ್ಲ, ಅದು ಆಫ್ರಿಕಾದ ದೈತ್ಯ ಬಸವನಹುಳು. 1847ರಲ್ಲಿ ಅದನ್ನ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ವಿಲಿಯಂ ಬೆನ್ಸನ್, ಭಾರತದ ಎಷ್ಟೋ ಬಸವನಹುಳುಗಳಿಗೆ ಮೊದಲ ಹೆಸರಿಟ್ಟವನೂ ಹೌದು. ಒಬ್ಬನೇ ಅಧಿಕಾರಿ ದೇಸಿ ಹುಳುಗಳ ಪಟ್ಟಿಯನ್ನೂ ಕೊಟ್ಟ, ಇವತ್ತು ತೋಟಗಳನ್ನ ಮೇಯುತ್ತಿರುವ ಪೀಡೆಯನ್ನೂ ಕೊಟ್ಟ. ಹೊಸದು ಸಿಗೋ ಸಾಧ್ಯತೆ ಇರೋದು ಮಿಲಿಮೀಟರ್ ಲೆಕ್ಕದ ಹುಳುಗಳಲ್ಲಿ. ಮೊದಲ ಮಳೆ ಬಿದ್ದಮೇಲೆ ತರಗೆಲೆ, ಮಣ್ಣು ಜರಡಿ ಹಿಡಿದರೆ ಮಾತ್ರ ಅವು ಕಾಣ್ತಾವೆ.

ಕೆಲಸದಲ್ಲಿ ಹೆಚ್ಚು ಹೊತ್ತು ತಿನ್ನೋದು ಹೋಲಿಕೆ. ಚಿಪ್ಪಿನ ಎತ್ತರ, ಅಗಲ, ಸುತ್ತುಗಳ ಸಂಖ್ಯೆ, ಬಾಯಿಯ ಆಕಾರ, ಸುರುಳಿ ಬಲಕ್ಕೋ ಎಡಕ್ಕೋ ಅಂತ ಅಳೆದು ಬರೆದು, 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಸರಣಿಯ 1908, 1914 ಮತ್ತು 1921ರ ಸಂಪುಟಗಳ ಜೊತೆ ತಾಳೆ ನೋಡಬೇಕು. ಅವು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗ್ತಾವೆ. ಆದರೆ ಬೆನ್ಸನ್ ಕಾಲದ ವಿವರಣೆಗಳು ಚಿತ್ರವಿಲ್ಲದ ನಾಲ್ಕಾರು ಸಾಲು ಲ್ಯಾಟಿನ್, ಆಗಿನ ಮೂಲ ಮಾದರಿಗಳಲ್ಲಿ ಎಷ್ಟೋ ಇರೋದು ಬ್ರಿಟನ್ನಿನ ಮ್ಯೂಸಿಯಂಗಳಲ್ಲಿ. ನಮ್ಮೂರ ಹುಳು ಹೊಸದೋ ಹಳೇದೋ ಅಂತ ತಿಳಿಯೋಕೆ ಅಲ್ಲಿನ ಡ್ರಾಯರ್ ತೆಗೆಸಬೇಕು! ಚಿಪ್ಪು ಮೋಸ ಮಾಡೋದೂ ಉಂಟು. ಒಂದೇ ಥರದ ಚಿಪ್ಪಿನೊಳಗೆ ಬೇರೆಬೇರೆ ಪ್ರಭೇದ ಇರಬಹುದು. ಆಗ ಮೈ ಸೀಳಿ ಜನನಾಂಗ ನೋಡಬೇಕು, ನಾಲಗೆಯ ಹಲ್ಲುಪಟ್ಟಿ ನೋಡಬೇಕು, ಈಗೀಗ ಡಿಎನ್‌ಎ ಕೂಡ. ಬರೀ ಖಾಲಿ ಚಿಪ್ಪು ಹಿಡಿದು ಹೋದರೆ ಕೆಲಸ ಅರ್ಧಕ್ಕೇ ನಿಲ್ಲುತ್ತೆ.

ಹೆಸರಿಡುವ ನಿಯಮ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯದ್ದು. ಒಂದೇ ಒಂದು ಮಾದರಿಯನ್ನ 'ಹೋಲೋಟೈಪ್' ಅಂತ ಆರಿಸಿ, ಎಲ್ಲಿಡ್ತೀವಿ ಅಂತ ಬರೆಯಬೇಕು. ನನ್ನಂಥ ಎಂಜಿನಿಯರಿಂಗ್ ಓದಿದವರಿಗೆ ಪ್ಯಾರಿಸ್ ಬಳಿ ಇಟ್ಟಿದ್ದ ಕಿಲೋಗ್ರಾಂ ಬಟ್ಟು ನೆನಪಾದೀತು, ಮುಂದೆ ಎಲ್ಲರೂ ಹೋಲಿಸೋದು ಅದರ ಜೊತೆ. ಹೆಸರು ಲ್ಯಾಟಿನ್ ಲಿಪಿಯಲ್ಲೇ ಇರಬೇಕು, ಆದರೆ ಪದ ಯಾವ ಭಾಷೆಯದ್ದಾದರೂ ನಡೆಯುತ್ತೆ. ವಿವರಣೆಯನ್ನ ಇಂಗ್ಲಿಷಿನಲ್ಲೇ ಬರೀಬೇಕು ಅಂತ ಕಡ್ಡಾಯ ಮಾಡಿಲ್ಲ. ಹೆಚ್ಚು ಬಳಕೆಯ ಭಾಷೆಯಲ್ಲಿ ಸಾರಾಂಶ ಕೊಡಿ ಅನ್ನೋದು ಬರೀ ಶಿಫಾರಸು. ಅಂದ್ರೆ, ಕನ್ನಡದಲ್ಲಿ ಪ್ರಭೇದ ವಿವರಿಸೋಕೆ ಸಂಹಿತೆಯ ಅಡ್ಡಿಯಿಲ್ಲ, ಅಡ್ಡಿ ಇರೋದು ಜರ್ನಲ್‌ಗಳ ಅಭ್ಯಾಸದಲ್ಲಿ.

ಕೊನೆಯದು ಠೇವಣಿ. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದ ಕಂಡವರು ಸರ್ಕಾರ ಗೊತ್ತುಮಾಡಿದ ಸಂಸ್ಥೆಗೆ ತಿಳಿಸಿ, ಮಾದರಿ ಒಪ್ಪಿಸಬೇಕು. ಪ್ರಾಣಿಗಳಿಗಾದರೆ ಅದು ಕೋಲ್ಕತ್ತಾದ ಭಾರತೀಯ ಪ್ರಾಣಿಸರ್ವೇಕ್ಷಣಾ ಸಂಸ್ಥೆ. ರಾಯಚೂರಿನ ಕಾಲೇಜು ಹುಡುಗರು ಇಷ್ಟೆಲ್ಲ ಮಾಡೋದು ಕಷ್ಟ ಅಂದ್ರೆ ಒಪ್ತೀನಿ. ಅದೇ ಕಾಯ್ದೆ ಇನ್ನೊಂದು ಬಾಗಿಲು ಇಟ್ಟಿದೆ. ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರ ಕೈಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಮಾನ್ವಿಯಲ್ಲೋ ದೇವದುರ್ಗದಲ್ಲೋ ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಅನ್ನಿ. ಹುಳಹುಪ್ಪಟೆಯ ಪುಟ ಖಾಲಿ ಇದ್ದರೆ ಗುಡ್ಡದ ಸರ್ವೆ ನಂಬರ್, ತಾರೀಕು, ಫೋಟೊ ಸಮೇತ ಬರೆಸಿ. ಹೆಸರಿನ ಜಾಗದಲ್ಲಿ ಸದ್ಯಕ್ಕೆ 'ಎಡಕ್ಕೆ ಸುತ್ತಿದ ಸಣ್ಣ ಬಸವನಹುಳು, ಬಂಡೆ ಸಂದಿಯದು' ಅಂತಿದ್ದರೂ ಆಗುತ್ತೆ.